ಕೊಟ್ಟಿಗೆಯಲ್ಲಿದ್ದ ಮನೆಯೊಡತಿ

ಒಂದು ಕಾಲಕ್ಕೆ ನಮ್ಮ ಮನೆಯ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡಿದ್ದ ಮನುಷ್ಯ ಕಳೆದ ವಾರ ನಮ್ಮ ಶಾಲೆಗೆ ಬಂದಿದ್ದ. ಸ್ಟಾಫ್ ರೂಮಿನ ಹೊರಗೆ ಚಪ್ಪಲಿ ಬಿಟ್ಟು, ಹೆಗಲ ಮೇಲಿನ ಟವೆಲನ್ನು ಕೈಗೆ ತೆಗೆದುಕೊಂಡು ನಿಂತಿದ್ದ. ಗಡ್ಡ ಬಿಟ್ಟಿದ್ದರಿಂದ ನನಗೆ ಮೊದಲು ಗುರುತು ಸಿಗಲಿಲ್ಲ.

"ಅಕ್ಕ ಓಗ್ಬುಟ್ಲು ಮೇಡಂ," ಅಂದ. "ಸೋಮಾರ ತಿಥಿ. ನಂಗೇನಾದ್ರೂ ಆದ್ರೆ ಟೀಚ್ರಮ್ಮಂಗೆ ಏಳು ಅಂದಿದ್ಲು."

ನನಗೆ ಎಂಟನೇ ಕ್ಲಾಸಿಗೆ ಗಣಿತವಿತ್ತು. ಹೋಗಿ ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದೆ. ಮಕ್ಕಳು ಅದನ್ನು ಬಿಡಿಸಿ ಮುಗಿಸಿ, ತಮ್ಮತಮ್ಮಲ್ಲೇ ಗುಸುಗುಸು ಶುರುಮಾಡಿದರೂ ನಾನು ಕಿಟಕಿಯ ಕಡೆಗೇ ತಿರುಗಿ ನಿಂತಿದ್ದೆನಂತೆ. ಆಮೇಲೆ ಒಬ್ಬಳು ಹುಡುಗಿ ಹೇಳಿದಳು.

ತೀರಿಕೊಂಡ ಆ ಅಕ್ಕನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಊರವರ ಬಾಯಲ್ಲಿ ತಮ್ಮ ಹೆಸರು ಓಡಾಡುವುದು ಅವರಿಗೆ ಆಗಿಬರುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಎಲ್ಲರೂ ಗೌಡ್ತಮ್ಮ ಎನ್ನುತ್ತಿದ್ದೆವು. ಸಂತೆಬಾಚಹಳ್ಳಿಯ ಕಡೆಯ ಹಳ್ಳಿಯವರು. ಬಾಗಿಲ ಚೌಕಟ್ಟಿಗೆ ತಲೆ ತಗಲುವಷ್ಟು ಎತ್ತರ, ಕಪ್ಪು ಮೈ, ಅಗಲ ಭುಜ. ನಿಂತಾಗ ಒಂದು ಕೈಯನ್ನು ಬೆನ್ನ ಹಿಂದೆ ಮಡಿಚಿ ಇನ್ನೊಂದು ಮೊಣಕೈಯನ್ನು ಹಿಡಿದುಕೊಳ್ಳುವುದು ಅವರ ಅಭ್ಯಾಸ. ಗದ್ದೆಯ ಬದುವಿನ ಮೇಲೆ ನಿಂತು ಪೈರು ನೋಡುವ ಗಂಡಸರು ಹಾಗೆ ನಿಲ್ಲುತ್ತಾರೆ. ಮಾತು ಕಡಿಮೆ. ಆಡಿದರೆ ಮುಖಕ್ಕೆ ಹೊಡೆದ ಹಾಗೆ. ಯಾರಾದರೂ ಅಯ್ಯೋ ಪಾಪ ಎಂದರೆ ಎದ್ದು ಹೋಗಿಬಿಡುತ್ತಿದ್ದರು.

ಅವರು ನಮ್ಮ ಬಾಳಿನೊಳಗೆ ಬಂದದ್ದು ಒಂದು ಲಾಯರ್ ನೋಟಿಸಿನ ಹಿಂದೆ.

ಆಗ ನಾವು ಕೃಷ್ಣರಾಜಪೇಟೆಯಲ್ಲಿ ಹೇಮಗಿರಿ ರಸ್ತೆಯ ಕಡೆಗಿನ ಒಂದು ಮನೆಯಲ್ಲಿ ಬಾಡಿಗೆಗಿದ್ದೆವು. ನಾನು ಹೈಸ್ಕೂಲಿನಲ್ಲಿ ಟೀಚರು. ನಮ್ಮ ಮನೆಯವರು ನಾಗಮಂಗಲದಲ್ಲಿ ಒಂದು ಕಚೇರಿಯ ಗುಮಾಸ್ತರು, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಜೊತೆಗೆ ನಮ್ಮತ್ತೆ. ಮೇಲುಕೋಟೆಯಲ್ಲಿ ಹುಟ್ಟಿ ಬೆಳೆದು, ದೇವಸ್ಥಾನದ ಗಂಟೆಗೆ ಎದ್ದು ಮಲಗುವುದನ್ನು ರೂಢಿಸಿಕೊಂಡಿದ್ದ ಹೆಂಗಸು. ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಮೈಸೂರಿನಲ್ಲಿ ಆಪರೇಷನ್ ಮಾಡಿಸಿ ಕರೆತಂದೆವು. ಬೆನ್ನು ಹುಣ್ಣಾಗದಿರಲೆಂದು ಗಾಳಿ ಹಾಸಿಗೆ ಹಾಕಿದ್ದೆವು. ಅದರ ಸಣ್ಣ ಮೋಟಾರು ಹಗಲೂ ರಾತ್ರಿ ಗುಂಯ್ ಎನ್ನುತ್ತಿತ್ತು. ಕೆಲವು ತಿಂಗಳು ಅವರನ್ನು ಎಲ್ಲಿಗೂ ಸಾಗಿಸಬೇಡಿ ಎಂದು ಡಾಕ್ಟರು ಹೇಳಿದ್ದರು.

ಆ ಮನೆಯ ಹಳೆಯ ಮಾಲೀಕ ಕೋಳಿ ಫಾರಂ ಮಾಡಿ ಕೈಸುಟ್ಟುಕೊಂಡವನು. ಮನೆಯನ್ನು ಬ್ಯಾಂಕಿಗೆ ಅಡ ಇಟ್ಟಿದ್ದ ವಿಷಯವನ್ನು ನಮಗೆ ಹೇಳಿರಲಿಲ್ಲ. ಒಂದು ದಿನ ಬ್ಯಾಂಕಿನವರು ಬಂದು ಗೋಡೆಗೆ ನೋಟಿಸು ಅಂಟಿಸಿದರು. ಇನ್ನೊಂದು ದಿನ ಯಾರೋ ಬಂದು ಫೋಟೋ ತೆಗೆದರು. ಮಾಲೀಕನ ಫೋನು ಸ್ವಿಚ್ ಆಫ್ ಆಯಿತು, ನಮ್ಮ ಅಡ್ವಾನ್ಸೂ ಅವನ ಜೊತೆಯಲ್ಲೇ ಹೋಯಿತು. ಶಿವರಾತ್ರಿಯ ಹೊತ್ತಿಗೆ ಮನೆ ಹರಾಜಾಗಿದೆ ಎಂದು ತಿಳಿಯಿತು. ಅದರ ಹಿಂದೆಯೇ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಾಗದ ಬಂತು. ನಮ್ಮ ಕಕ್ಷಿದಾರರು ಸದರಿ ಮನೆಯನ್ನು ಹರಾಜಿನಲ್ಲಿ ಕೊಂಡಿದ್ದು, ತಾವು ಹದಿನೈದು ದಿನಗಳೊಳಗೆ ಖಾಲಿ ಮಾಡಿ ಸ್ವಾಧೀನ ಬಿಟ್ಟುಕೊಡತಕ್ಕದ್ದು.

ನಮ್ಮ ಮನೆಯವರು ಪೇಟೆಯ ವಕೀಲರೊಬ್ಬರಲ್ಲಿಗೆ ಓಡಿದರು. ವಕೀಲರು ನಮ್ಮ ಕರಾರನ್ನು ನೋಡಿ, ಇದು ಹನ್ನೊಂದು ತಿಂಗಳಿನದು, ರಿಜಿಸ್ಟರೂ ಆಗಿಲ್ಲ, ಅದೂ ಮನೆ ಅಡವಾದ ಮೇಲೆ ಬರೆದದ್ದು, ಆದ್ದರಿಂದ ನಿಮ್ಮ ಹಕ್ಕು ನೀರುಮಜ್ಜಿಗೆಯಷ್ಟು ತೆಳು ಎಂದರಂತೆ. ಆದರೆ ಕೋರ್ಟಿನ ಆದೇಶವಿಲ್ಲದೆ ಯಾರೂ ನಿಮ್ಮನ್ನು ಎತ್ತಿ ಹೊರಗೆ ಹಾಕುವಂತಿಲ್ಲ, ಕರೆಂಟು ನೀರು ಕೀಳುವಂತಿಲ್ಲ ಎಂದೂ ಹೇಳಿದರು. ಕೊಂಡವಳು ಒಂಟಿ ಹೆಂಗಸು, ಒಂದು ಕೇಸು ಹಾಕಿದರೆ ವರ್ಷಗಟ್ಟಲೆ ಎಳೆಯಬಹುದು, ಸುಸ್ತಾಗಿ ಅವಳೇ ದಾರಿಗೆ ಬರುತ್ತಾಳೆ ಎಂಬ ಸಲಹೆಯನ್ನೂ ಸೇರಿಸಿದರು. ನಮಗೆ ಬೇರೆ ದಾರಿ ಕಾಣುತ್ತಿರಲಿಲ್ಲ.

ನೋಟಿಸು ಬಂದ ಮೇಲಿನ ಭಾನುವಾರ ಬೆಳಿಗ್ಗೆ ಗೇಟಿನ ಬಳಿ ಯಾರೋ ಕೂಗಿದರು. ನೋಡಿದರೆ ಈ ಎತ್ತರದ ಹೆಂಗಸು. "ನೋಟೀಸು ಕಳ್ಸಿದ್ನಲ್ಲ, ಅದು ನಾನೇ," ಎಂದರು. ಜಗಳಕ್ಕೆ ಬಂದಿದ್ದಾರೆಂದುಕೊಂಡೆ. ಒಳಗೆ ಬನ್ನಿ ಎನ್ನುವವರೆಗೆ ಗೇಟು ದಾಟಲಿಲ್ಲ. ನಡುಮನೆಗೆ ಬಂದವರು ಗೋಡೆಯ ಮೇಲಾಗಲಿ ಸೂರಿನ ಮೇಲಾಗಲಿ ಕಣ್ಣು ಹಾಯಿಸಲಿಲ್ಲ, ನೆಟ್ಟಗೆ ನಮ್ಮತ್ತೆಯ ಮಂಚದ ಹತ್ತಿರ ಹೋಗಿ ನಿಂತರು. ಯಾವಾಗಿನಿಂದ ಹೀಗೆ ಎಂದು ಕೇಳಿದರು, ಏಳಲಿಕ್ಕೆ ಆಗುತ್ತದೆಯೇ ಎಂದು ಕೇಳಿದರು. ನಮ್ಮತ್ತೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಬಿದ್ದ ಮೇಲೆ ಅವರು ಯಾರೊಡನೆಯೂ ಸರಿಯಾಗಿ ಮಾತಾಡುತ್ತಿರಲಿಲ್ಲ.

ನಮ್ಮ ಮನೆಯವರು ಗಂಟಲು ಸರಿಮಾಡಿಕೊಂಡು, ನಾವು ಕೋರ್ಟಿಗೆ ಹೋಗಬೇಕಾಗಬಹುದು ಎಂದು ನೇರವಾಗಿಯೇ ಹೇಳಿದರು. ಗೌಡ್ತಮ್ಮನ ಮುಖದಲ್ಲಿ ಏನೂ ಕದಲಲಿಲ್ಲ.

"ಓಗಿ ಸ್ವಾಮಿ. ನ್ಯಾಯ ಕೇಳಕ್ ಓಗೋರ್ನ ತಡಿಯಕ್ಕೆ ನಾನ್ಯಾರು," ಎಂದರು. ಕಾಫಿ ಬೇಡವೆಂದರು. ಹೊರಡುವಾಗ ಮನೆಯ ಹಿಂದೆ ಹೋಗಿ ಅಲ್ಲಿದ್ದ ತಗಡಿನ ಕೊಟ್ಟಿಗೆಯನ್ನು ಒಂದು ಸುತ್ತು ಹಾಕಿ ನೋಡಿ ಹೋದರು.

ಅದಾದ ಮೇಲೆ, ಯುಗಾದಿಯ ಹಿಂದಿನ ದಿನ ಬೆಳಿಗ್ಗೆ ನಾನು ಶಾಲೆಗೆ ಹೊರಡುವ ಹೊತ್ತಿಗೆ ಗೇಟು ದಡಾರೆಂದು ತೆರೆದುಕೊಂಡಿತು. ನಮ್ಮ ಮನೆಯವರು ಆಗಲೇ ಬಸ್ಸು ಹಿಡಿದಾಗಿತ್ತು. ನಾಲ್ಕೈದು ಜನ ಆಳುಗಳೊಂದಿಗೆ ಒಬ್ಬ ದಪ್ಪ ಮನುಷ್ಯ ಬಂದವನೇ ಮೀಟರಿನ ಪೆಟ್ಟಿಗೆ ತೆಗೆದು ಫ್ಯೂಸು ಕಿತ್ತ. ಒಳಗೆ ಫ್ಯಾನು ನಿಂತಿತು. ಮೋಟಾರಿನ ಸದ್ದು ನಿಂತಿತು. ಆ ಸದ್ದು ನಿಂತರೆ ಮನೆ ಅಷ್ಟೊಂದು ಬರಿದಾಗಿ ಕೇಳಿಸುತ್ತದೆಂದು ನನಗೆ ಗೊತ್ತಿರಲಿಲ್ಲ. ನಾನು ಹೊರಗೆ ಓಡಿ, ಹೀಗೆಲ್ಲ ಮಾಡುವಂತಿಲ್ಲ, ಕಾನೂನಿದೆ ಎಂದೆ. ಮನೆ ನಮ್ಮಕ್ಕನದು, ಕಾನೂನನ್ನು ನೀವೇ ಇಟ್ಟುಕೊಳ್ಳಿ ಎಂದು ಅವನು ಫ್ಯೂಸನ್ನು ಜೇಬಿಗಿಳಿಸಿದ. ಅಕ್ಕಪಕ್ಕದ ಮನೆಯವರು ಬಾಗಿಲಿಗೆ ಬಂದು ನಿಂತರು.

ಅಷ್ಟರಲ್ಲಿ ಗೌಡ್ತಮ್ಮ ರಸ್ತೆಯ ತಿರುವಿನಿಂದ ನಡೆದು ಬರುವುದು ಕಾಣಿಸಿತು. ಅವರ ಟ್ರಾಕ್ಟರು ನೀರಿನ ಟ್ಯಾಂಕರಿನ ಹಿಂದೆ ಸಿಕ್ಕಿಕೊಂಡಿತ್ತು, ಇಳಿದು ನಡೆದೇ ಬಂದಿದ್ದರು. ಬಂದವರು ನನ್ನನ್ನೂ ತಮ್ಮನನ್ನೂ ತೆರೆದ ಮೀಟರಿನ ಪೆಟ್ಟಿಗೆಯನ್ನೂ ನೋಡಿದರು.

"ಕಿತ್ತಿದ್ಯಾಕ್ಲಾ?"

"ಕರೆಂಟಿಲ್ದಿದ್ರೆ ತಾವಾಗೇ ಓಯ್ತಾರೆ ಬುಡಕ್ಕ."

"ನಾನು ತಕಂಡಿರಾದು ಮನೇನ ಕಣ್ಲಾ, ಒಳಗಿರೋ ಜನ್ರನ್ನಲ್ಲ. ಇಕ್ಕು ಅದ್ನ, ಎಲ್ಲಿತ್ತೋ ಅಲ್ಗೆ."

ಅವರು ದನಿ ಏರಿಸಲಿಲ್ಲ. ತಮ್ಮ ಕದಲಲಿಲ್ಲ. ಆಗ ಅವನು ಹೇಳಿದ್ದರಿಂದ ನಮಗೆ ವಿಷಯ ತಿಳಿಯಿತು.

"ಮತ್ತೆ ನೀನೆಲ್ಲಿರ್ತೀಯೆ? ಸಾಮಾನೆಲ್ಲ ಏರ್ಕಂಡ್ ಬಂದಿದೀವಿ. ನಿಮ್ ಭಾವ ಇನ್ನ ಬಾಗ್ಲು ತೆಗೀತಾನಾ?"

ಗೌಡ್ತಮ್ಮನ ಗಂಡ ತೀರಿಕೊಂಡ ಮೇಲೆ ಭಾವನೊಡನೆ ವಿಭಾಗವಾಗಿತ್ತು. ಮನೆ ಭಾವನಿಗೆ, ಒಂದಿಷ್ಟು ಗದ್ದೆ ಇವರಿಗೆ. ಗದ್ದೆ ಮಾರಿ ಇವರು ಈ ಮನೆಯನ್ನು ಹಿಡಿದಿದ್ದರು. ಹಳ್ಳಿಯ ಮನೆಯನ್ನು ಯುಗಾದಿಯೊಳಗೆ ಬಿಟ್ಟುಕೊಡಬೇಕೆಂದು ಪಂಚಾಯ್ತಿಯಲ್ಲಿ ಮಾತಾಗಿತ್ತು. ನಮಗೆ ಗಡುವು ಕೊಟ್ಟಿದ್ದ ಹೆಂಗಸಿಗೂ ಒಂದು ಗಡುವಿತ್ತು, ಅದು ಆ ದಿನವೇ ಮುಗಿದಿತ್ತು.

ಅವರು ಒಂದು ಕ್ಷಣ ಕೈಯನ್ನು ಬೆನ್ನ ಹಿಂದೆ ಮಡಿಚಿ ನಿಂತರು. ಆಮೇಲೆ ಮನೆಯ ಹಿಂದಕ್ಕೆ ಗದ್ದ ತೋರಿಸಿದರು.

"ಆ ಕೊಟ್ಗೇಲಿ ಇಳ್ಸು."

ತಮ್ಮ ಏನೇನೋ ಅಂದ. ಆಳುಗಳೂ ಒಂದೊಂದು ಮಾತು ಸೇರಿಸಿದರು. ಅವರು ಆಗಲೇ ಕೊಟ್ಟಿಗೆಯ ಕಡೆ ನಡೆದಿದ್ದರು. ಫ್ಯೂಸು ಮತ್ತೆ ಕೂತಿತು, ಒಳಗೆ ಮೋಟಾರು ಗುಂಯ್ ಎಂದಿತು. ಟ್ರಾಕ್ಟರು ಹಿಂದಿನ ಓಣಿಯಿಂದ ಬಂದು ಕೊಟ್ಟಿಗೆಯ ಮುಂದೆ ನಿಂತಿತು. ಪಾತ್ರೆಗಳು, ರಾಗಿಯ ಮೂಟೆ, ಒಂದು ಟ್ರಂಕು, ಒಂದು ಮಂಚ ಇಳಿದವು. ಸಂಜೆಗೆ ಎರಡು ಸೀಮೆಹಸುಗಳೂ ಬಂದವು. ಕೊಟ್ಟಿಗೆಯ ಒಂದು ಬದಿಗೆ ಹಸುಗಳು, ಮಧ್ಯೆ ಒಂದು ತಡಿಕೆ, ಇನ್ನೊಂದು ಬದಿಗೆ ಮನೆಯ ಒಡತಿ.

ಸಂಜೆ ಬಂದ ನಮ್ಮ ಮನೆಯವರಿಗೆ ನಾನು ಹೇಳಿದ್ದು ಅರ್ಥವಾಗಲೇ ಇಲ್ಲ. ಹಿಂದಕ್ಕೆ ಹೋಗಿ ಕಣ್ಣಾರೆ ನೋಡಿ ಬಂದರು. ಯಾಕಮ್ಮಾ ಹೀಗೆ ಎಂದು ಕೇಳಿದ್ದಕ್ಕೆ ಅವರು ಹಸುವಿಗೆ ಹುಲ್ಲು ಹಾಕುತ್ತಲೇ ಉತ್ತರ ಕೊಟ್ಟಿದ್ದರು: "ಗಬ್ಬದ ಅಸೀನ ಗೂಟ ಬದ್ಲಾಯ್ಸಲ್ಲ ನಾವು. ಆಯಮ್ಮ ಎದ್ ಓಡಾಡ್ಲಿ, ಆಮೇಕ್ ನೋಡಾನ." ಮಾರನೆಯ ದಿನ ನಮ್ಮ ಮನೆಯವರು ವಕೀಲರ ಹತ್ತಿರ ಹೋಗಿ ಕೇಸಿನ ಮಾತು ಬೇಡವೆಂದು ಹೇಳಿ ಬಂದರು.

ಹಾಗೆಂದು ಅವರೇನೂ ದೇವತೆಯಾಗಿರಲಿಲ್ಲ. ತಿಂಗಳು ಹುಟ್ಟಿದ ದಿನ ಬಾಡಿಗೆ ಕೇಳುತ್ತಿದ್ದರು. ನಲ್ಲಿ ತೊಟ್ಟಿಕ್ಕಿದರೆ ನಮ್ಮ ಮನೆಯವರನ್ನು ಕರೆದು ಗದರುತ್ತಿದ್ದರು. ಹಾಲನ್ನು ಅವರಿಂದಲೇ ಕೊಳ್ಳಬೇಕೆಂದು ಮೊದಲ ದಿನವೇ ತೀರ್ಮಾನ ಮಾಡಿದರು, ಅದರಲ್ಲಿ ನೀರೂ ಹಾಕಲಿಲ್ಲ, ಬೆಲೆಯನ್ನೂ ಇಳಿಸಲಿಲ್ಲ. ಸದಾ ಹೊಗೆಸೊಪ್ಪು ಅಗಿಯುತ್ತಿದ್ದರು. ಬೀದಿಯ ಹೆಂಗಸರು, ಸ್ವಂತ ಮನೆ ಇಟ್ಟುಕೊಂಡು ಕೊಟ್ಟಿಗೆಯಲ್ಲಿ ಮಲಗುವ ಮಳ್ಳಿ ಎಂದು ಆಡಿಕೊಂಡದ್ದು ಕಿವಿಗೆ ಬಿದ್ದಾಗ, ಮಳ್ಳಿಗೆ ತಿಂಗಳು ತಿಂಗಳು ಬಾಡಿಗೆ ಬರುತ್ತಿದೆ, ನಿಮಗೆಷ್ಟು ಬರುತ್ತದೆ ಎಂದು ಕೇಳಿದರಂತೆ.

ಒಮ್ಮೆ ಕಂದಾಯದವನು ಬಂದು ಮನೆಯ ಯಜಮಾನರು ಯಾರು ಎಂದು ಕೇಳಿದ. ಸಗಣಿ ಮೆತ್ತಿದ ಕೈಯಲ್ಲೇ ಗೌಡ್ತಮ್ಮ, ನಾನೇ ಎಂದರು. ಅವನು ನಕ್ಕು, ಅವರನ್ನು ದಾಟಿ ಬಂದು ನಮ್ಮ ಬಾಗಿಲು ತಟ್ಟಿದ. ಯಜಮಾನರು ಅವರೇ ಎಂದು ನಾನು ಹೇಳಿದರೂ ನಂಬಲಿಲ್ಲ. ಅವರು ನಿಧಾನವಾಗಿ ಕೈ ತೊಳೆದುಕೊಂಡು, ಸೆರಗಿಗೆ ಒರೆಸಿಕೊಂಡು, ಟ್ರಂಕಿನಿಂದ ಪತ್ರ ತಂದು ಅವನ ಮುಂದೆ ಹಿಡಿದರು. ಅವನು ಓದಿ ಮುಗಿಸುವವರೆಗೆ ಅವನ ತಲೆಯ ಮೇಲಿನಿಂದ ರಸ್ತೆಯ ಕಡೆ ನೋಡುತ್ತಿದ್ದರು. ಅವನು ಅಮ್ಮಾ ಎಂದು ಕರೆದದ್ದು ಆಮೇಲೆ.

ಆ ವರ್ಷದ ಬೇಸಿಗೆ ಕೆಟ್ಟದಾಗಿತ್ತು. ತಗಡಿನ ಕೆಳಗೆ ಮಧ್ಯಾಹ್ನ ಹಸುಗಳೇ ಬಾಯಿ ತೆರೆದು ತೇಕುತ್ತಿದ್ದವು. ಗೌಡ್ತಮ್ಮ ಒದ್ದೆ ಗೋಣಿಚೀಲಗಳನ್ನು ತಗಡಿನ ಮೇಲೆ ಹೊದಿಸಿ, ತಾವು ಹೊಂಗೆಮರದ ನೆರಳಿಗೆ ಮಂಚ ಎಳೆದುಕೊಂಡು ಕೂರುತ್ತಿದ್ದರು. ನನಗೆ ಬೇಸಿಗೆ ರಜೆ. ನಾನು ಫ್ಯಾನಿನ ಕೆಳಗೆ, ಅವರು ಅಲ್ಲಿ. ಕಿಟಕಿಯಿಂದ ಅವರ ಬೆನ್ನು ಕಾಣುತ್ತಿತ್ತು. ಕೊನೆಗೊಂದು ದಿನ ತಡೆಯಲಾರದೆ ಹೋಗಿ, ನಡುಮನೆಯಲ್ಲಿ ಬಂದು ಮಲಗಿ, ಇದು ನಿಮ್ಮದೇ ಮನೆಯಲ್ಲವೇ ಎಂದೆ.

ಅವರು ಹೊಗೆಸೊಪ್ಪು ಉಗಿದು ನನ್ನ ಕಡೆ ತಿರುಗಿದರು.

"ನಾನು ಒಳಿಕ್ ಬಂದು ಮಲಗುದ್ರೆ, ಮನೆ ನಂದು ಅಂತ ನಿಮಗ್ ಅನ್ಸಕ್ ಶುರುವಾಯ್ತದೆ ಟೀಚ್ರಮ್ಮ. ಆಮೇಲೆ ನೀವು ಮೆಲ್ಲಗ್ ಮಾತಾಡ್ತೀರ. ಪಾತ್ರೆ ಸದ್ದಾಗ್ದಂಗೆ ಇಕ್ತೀರ. ನಾನು ಭಾವನ ಮನೇಲಿ ಅಂಗೇ ಇದ್ದೆ. ಬ್ಯಾಡ."

ನಾನು ಅನೇಕ ದೊಡ್ಡವರ ಭಾಷಣ ಕೇಳಿದ್ದೇನೆ. ಇನ್ನೊಬ್ಬರ ಮನೆಯಲ್ಲಿ ಇರುವವರ ಮನಸ್ಸನ್ನು ಇಷ್ಟು ಹತ್ತಿರದಿಂದ ಕಂಡವರ ಮಾತನ್ನು ಕೇಳಿಲ್ಲ. ಬಾಡಿಗೆ ಮನೆಗಳಲ್ಲಿ ಬೆಳೆದವಳು ನಾನು. ಪಾತ್ರೆಯನ್ನು ಸದ್ದಾಗದಂತೆ ಇಡುವುದನ್ನು ನನ್ನಮ್ಮನಿಂದಲೇ ಕಲಿತಿದ್ದೆ. ಅದು ಹೆದರಿಕೆಯೆಂದು ಆ ಮಧ್ಯಾಹ್ನದವರೆಗೆ ನನಗೆ ತಿಳಿದಿರಲಿಲ್ಲ.

ನಮ್ಮತ್ತೆಯ ವಿಷಯ ಮಾತ್ರ ಮುಂದೆ ಸಾಗಲಿಲ್ಲ. ಮೂಳೆ ಕೂಡಿಕೊಂಡಿದೆ, ಇನ್ನು ವಾಕರ್ ಹಿಡಿದು ನಡೆಸಿ ಎಂದು ಡಾಕ್ಟರು ಹೇಳಿದರು. ಅವರು ಏಳಲಿಲ್ಲ. ಮತ್ತೆ ಬೀಳುವ ಭಯ. ನಡೆಸಲು ಬರುತ್ತಿದ್ದ ಹುಡುಗಿಯನ್ನು ಬೈದು ಕಳಿಸಿದರು. ಮಗ ಕಣ್ಣೀರು ಹಾಕಿಕೊಂಡು ಕೇಳಿದರೂ ಕರಗಲಿಲ್ಲ. ಹೀಗಿರುವಾಗ ಒಂದು ಬೆಳಿಗ್ಗೆ ಹಾಲು ಕೊಡಲು ಬಂದ ಗೌಡ್ತಮ್ಮ ಕಿಟಕಿಯ ಹತ್ತಿರ ನಿಂತು, ಅಮ್ಮಾರೆ, ಎಂದು ಕರೆದರು. ನಮ್ಮತ್ತೆ ಕಣ್ಣು ತೆರೆದರು.

"ನೀವ್ ಏಳ್ದಿದ್ರೆ ನಾನ್ ಮನೇಗ್ ಬರಂಗಿಲ್ವಲ್ಲ."

ಕಾಯಿಲೆಯವರಿಗೆ ಆಡುವ ಮಾತೇ ಅದು? ಆದರೆ ನಮ್ಮತ್ತೆಯ ಹೊಟ್ಟೆ ಕುಲುಕತೊಡಗಿತು. ನಗುತ್ತಿದ್ದರು. ಬಿದ್ದ ದಿನದಿಂದ ಎಲ್ಲರೂ ಅವರಿಗೆ ಪಿಸುಮಾತಿನಲ್ಲಿ ಸಮಾಧಾನ ಹೇಳುತ್ತಿದ್ದರು. ನಿಮ್ಮಿಂದ ನನಗೊಂದು ಕೆಲಸ ಆಗಬೇಕಾಗಿದೆ ಎಂದು ಯಾರೂ ಕೇಳಿರಲಿಲ್ಲ.

"ನಿನ್ನ ಮನೆ ನಿನಗೆ ಬಿಟ್ಟುಕೊಡೋದಕ್ಕಾದರೂ ಏಳ್ತೀನಿ ಕಣೆ. ಆ ವಾಕರ್ ಕೊಡು," ಎಂದರು ನಮ್ಮತ್ತೆ.

ಅಂದಿನಿಂದ ದಿನಾ ಬೆಳಿಗ್ಗೆ ಅಂಗಳದಲ್ಲಿ ಅದೇ ನೋಟ. ಗೌಡ್ತಮ್ಮ ನಮ್ಮತ್ತೆಯ ಎದುರಿಗೆ ನಿಂತು ಹಿಂದು ಹಿಂದಕ್ಕೆ ಹೆಜ್ಜೆ ಹಾಕುವರು. ಎರಡು ಕೈಗಳೂ ಚಾಚಿರುತ್ತಿದ್ದವು, ಮುಟ್ಟುತ್ತಿರಲಿಲ್ಲ. ಕರು ಮೊದಲ ಸಲ ಎದ್ದು ನಿಂತಾಗ ಹಾಗೆ ಕೈ ಒಡ್ಡುತ್ತಾರೆ, ಬಿದ್ದರೆ ಮಾತ್ರ ಆಸರೆಗೆ. ಒಮ್ಮೆ ಕಾಲು ತಡವರಿಸಿತು. ನಾನು ಕೂಗುವಷ್ಟರಲ್ಲಿ ಅವರು ನಮ್ಮತ್ತೆಯನ್ನು ಎರಡೂ ತೋಳಲ್ಲಿ ಹಿಡಿದು ಎದೆಗೊರಗಿಸಿಕೊಂಡಾಗಿತ್ತು. ಮಡಿ ಮೈಲಿಗೆ ಎಂದು ಸೊಸೆಯಾದ ನನ್ನನ್ನೇ ದೂರ ನಿಲ್ಲಿಸುತ್ತಿದ್ದ ನಮ್ಮತ್ತೆ ಹೊಗೆಸೊಪ್ಪು ಸಗಣಿ ಎರಡೂ ಘಮ್ಮೆನ್ನುವ ಆ ಭುಜದ ಮೇಲೆ ತಲೆಯಿಟ್ಟು ಸುಧಾರಿಸಿಕೊಂಡರು. ಆಷಾಢ ಕಳೆಯುವ ಹೊತ್ತಿಗೆ ಅವರು ವಾಕರ್ ಊರಿಕೊಂಡು ಕೊಟ್ಟಿಗೆಯವರೆಗೂ ಹೋಗಿ, ಅಲ್ಲಿಯೇ ಕೂತು ಕಾಫಿ ಕುಡಿದು ಬಂದರು. ಕಾಫಿ ಚೆನ್ನಾಗಿತ್ತು, ಬೆಲ್ಲ ಒಂಚೂರು ಜಾಸ್ತಿ ಎಂದರು.

ಗೌರಿಹಬ್ಬ ಮುಗಿದ ಮೇಲೆ ಶಾಲೆಯ ಹತ್ತಿರ ಒಂದು ಮನೆ ಸಿಕ್ಕಿತು. ಖಾಲಿ ಮಾಡುತ್ತೇವೆ ಎಂದು ಹೇಳಲು ಹೋದಾಗ ಗೌಡ್ತಮ್ಮ, ಆ ನೋಟಿಸಾದ ಮೇಲೆ ನಾನೇನೂ ಏಳಿ ಎನ್ನಲಿಲ್ಲವಲ್ಲ ಎಂದರು. ಇಲ್ಲ, ನೀವು ಅನ್ನಲಿಲ್ಲ, ಅದಕ್ಕೇ ನಾವಾಗಿ ಬಂದೆವು ಎಂದರು ನಮ್ಮ ಮನೆಯವರು. ಅವರು ತಲೆಯಾಡಿಸಿ ಹಾಲು ಕರೆಯಲು ಹೋದರು.

ಸಾಮಾನು ಸಾಗಿಸಲು ತಮ್ಮನೇ ಟ್ರಾಕ್ಟರು ತಂದ. ನಮ್ಮತ್ತೆಯ ಮಂಚವನ್ನು ತಾನೇ ಹೊತ್ತ, ಬಾಡಿಗೆ ಕೇಳಲಿಲ್ಲ. ಗೌಡ್ತಮ್ಮ ಅಷ್ಟು ಹೊತ್ತೂ ಅಂಗಳದಲ್ಲೇ ಇದ್ದು, ಅದನ್ನು ಹಾಗಿಡು ಇದನ್ನು ಹೀಗಿಡು ಎನ್ನುತ್ತಿದ್ದರು. ಒಳಗೆ ಕಾಲಿಡಲಿಲ್ಲ. ಎಲ್ಲ ಏರಿಸಿ ಮುಗಿದು, ನಾನು ಕೋಣೆಗಳನ್ನೆಲ್ಲ ಗುಡಿಸಿ, ನೆಲ ಒರೆಸಿ, ಹೊಸ್ತಿಲಿಗೆ ಅರಿಸಿನ ಕುಂಕುಮ ಇಟ್ಟು ಹೊರಗೆ ಬಂದೆ. ನಮ್ಮತ್ತೆ ತಾವೇ ನಡೆದು ಮೆಟ್ಟಿಲಿಳಿದು ಗೇಟಿನ ಹತ್ತಿರ ನಿಂತಿದ್ದರು. ಬೀಗದ ಕೈಯನ್ನು ನಾನು ಗೌಡ್ತಮ್ಮನ ಕೈಗೆ ಕೊಟ್ಟೆ.

ಅವರು ತೆಗೆದುಕೊಂಡರು. ಬಾಗಿಲನ್ನು ನೋಡುತ್ತ ನಿಂತರು. ಆಮೇಲೆ ನಮ್ಮ ಯಾರ ಮುಖವನ್ನೂ ನೋಡದೆ ಮಾತಾಡಿದರು.

"ಉಟ್ಟಿದ್ ಮನೆ ಅಪ್ಪಂದಾಗಿತ್ತು, ಆಮೇಲೆ ಇವನ್ದಾಯ್ತು. ಕೊಟ್ಟಿದ್ ಮನೆ ಅವ್ರದ್ದು. ಅಲ್ಲಿ ನಂಗೊಂದು ಕೋಣೆ ಇರ್ನಿಲ್ಲ ಕಣವ್ವಾ. ಬಾಗ್ಲು ಆಕ್ಕಂಡ್ರೆ, ಯಾಕ್ ಆಕ್ಕಂಡೆ ಅಂತ ಕೇಳೋರು." ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೇಳಿದರು, "ಒಂದೀಟು ಇಲ್ಲೇ ನಿಂತಿರಿ. ಒಳಗಿಂದ ಒಂದ್ಸಲ ಆಕ್ಕಂಡು ನೋಡ್ತೀನಿ."

ಇಷ್ಟು ತಿಂಗಳು ಅವರು ಯಾವುದನ್ನು ನಮಗೋಸ್ಕರ ಮುಂದಕ್ಕೆ ಹಾಕಿಕೊಂಡು ಬಂದಿದ್ದರೆಂದು ನನಗೆ ಆಗ ತಿಳಿಯಿತು.

ಅವರು ಬಲಗಾಲಿಟ್ಟು ಒಳಗೆ ಹೋದರು. ಬಾಗಿಲು ಮುಚ್ಚಿತು. ಚಿಲಕ ಬಿದ್ದ ಸದ್ದು ಕೇಳಿಸಿತು. ತಮ್ಮ ಟ್ರಾಕ್ಟರಿನ ಇಂಜಿನ್ನು ಆರಿಸಿ ಕೆಳಗಿಳಿದ. ನಮ್ಮ ಮನೆಯವರು ಏನೋ ಹೇಳಹೊರಟರು. ನಮ್ಮತ್ತೆ ವಾಕರ್ ಮೇಲಿನ ಒಂದು ಕೈ ಎತ್ತಿ ತಡೆದರು. ಒಳಗಿನಿಂದ ಯಾವ ಸದ್ದೂ ಬರಲಿಲ್ಲ. ಬಿಸಿಲು ಏರುತ್ತಿತ್ತು. ಅವರಾಗಿ ಬಾಗಿಲು ತೆಗೆಯುವವರೆಗೆ ನಾವೆಲ್ಲ ಅಂಗಳದಲ್ಲಿ ನಿಂತೇ ಇದ್ದೆವು.